ಎರಡನೆಯ ಕರೆ

ನಮ್ಮ ಮನೆಯಲ್ಲಿ ಎಲ್ಲರನ್ನೂ ಒಂದು ಸಲ ಕರೆಯುತ್ತೇವೆ. ನನ್ನ ಗಂಡನನ್ನು ಮಾತ್ರ ಎರಡು ಸಲ ಕರೆಯುತ್ತೇವೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಸಾಲಿನವರಿಗೆಲ್ಲ ಇದು ಗೊತ್ತು. ಹೊಸದಾಗಿ ಬಂದ ಪಕ್ಕದ ಮನೆಯಾಕೆ, ಪಾಪ, ಅವರಿಗೆ ಕಿವಿ ಮಂದ ಎಂದುಕೊಂಡು ಒಳ್ಳೆಯ ಕಿವಿ ಡಾಕ್ಟರರೊಬ್ಬರ ವಿಳಾಸ ಹೇಳಲು ಬಂದಿದ್ದಳು. ಚಹಾ ಕೊಟ್ಟು ಕಳಿಸಿದೆ. ಅವಳಿಗೆ ಏನೆಂದು ಹೇಳುವುದು? ಅವರ ಕಿವಿ ನಮ್ಮೆಲ್ಲರ ಕಿವಿಗಿಂತ ಚುರುಕಾಗಿದೆ, ಕಷ್ಟವಿರುವುದೇ ಅಲ್ಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹೀಗಾಗಿ ಇದನ್ನು ದೆವ್ವದ ಕಥೆಯ ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಬರೀ ವಿಜ್ಞಾನದ ಕಥೆಯ ಹಾಗೆ ಹೇಳೋಣವೆಂದರೆ ಅದೂ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನನ್ನ ಗಂಡ ನಿಂಗರಾಜ ಲೋಕೋ ಪೈಲಟ್. ಪ್ರಯಾಣಿಕರ ಗಾಡಿಗಳನ್ನೆಲ್ಲ ಯಂತ್ರಗಳೇ ಓಡಿಸತೊಡಗಿದ ಮೇಲೂ ಅದಿರು ಹೊರುವ ಗೂಡ್ಸ್ ಗಾಡಿಗಳಿಗೆ ಇನ್ನೂ ಮನುಷ್ಯರೇ ಬೇಕಾಗಿದ್ದ ಕಾಲ ಅದು. ಇಂಜಿನ್ನಿನಲ್ಲಿ ಎಡಕ್ಕೆ ಪೈಲಟ್ ಕೂಡುತ್ತಾರೆ, ಬಲಕ್ಕೆ ಅಸಿಸ್ಟೆಂಟ್. ಅವರಲ್ಲಿ ಒಂದು ಪದ್ಧತಿ ಉಂಟು. ಸಿಗ್ನಲ್ ಕಂಡ ಕೂಡಲೇ ಒಬ್ಬರು ಕೈ ಎತ್ತಿ ತೋರಿಸಿ ಅದರ ಬಣ್ಣವನ್ನು ಜೋರಾಗಿ ಕೂಗಬೇಕು. ಇನ್ನೊಬ್ಬರು ತಾವೂ ಕೈ ಎತ್ತಿ ಅದನ್ನೇ ತಿರುಗಿ ಕೂಗಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಇರಲಿ ಎಂದು ಮಾಡಿದ ಏರ್ಪಾಡು. ಇಪ್ಪತ್ತು ವರ್ಷ ಹೀಗೆ ಕೂಗಿದ ಮನುಷ್ಯನಿಗೆ ಅದು ರಕ್ತಕ್ಕಿಳಿದಿತ್ತು. ಮನೆಯಲ್ಲೂ ಅದೇ ಪಾಠ. ನಾನು ಬಚ್ಚಲಿನಿಂದ "ರೀ, ಹಾಲು ಉಕ್ಕಾಕತ್ತೈತಿ ನೋಡ್ರಿ" ಎಂದರೆ, ಪೇಪರಿನಿಂದ ಕಣ್ಣೆತ್ತದೆ, ಕೈ ಮಾತ್ರ ಅರ್ಧ ಎತ್ತಿ "ಹಾಲು ಉಕ್ಕಾಕತ್ತೈತಿ" ಎನ್ನುತ್ತಿದ್ದರು. ಹಾಲು ಉಕ್ಕಿ ಹರಿದು ಒಲೆ ಆರುತ್ತಿತ್ತು. ನಾನು, ಮಗಳು ಚಿನ್ಮಯಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅತ್ತೆಯದು ಇದಕ್ಕೆ ತೀರ ಉಲ್ಟಾ. ಅವರ ಪ್ರಕಾರ ಮುಸ್ಸಂಜೆಯಲ್ಲಿ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕರೆದರೆ ಒಂದೇ ಕರೆಗೆ ಓಗೊಡಬಾರದು. "ಮನಿಷಾ ಆದ್ರ ಎರಡ್ನೇ ಸಲ ಕರೀತಾನ. ಅಲ್ಲದ್ದು ಒಂದ ಸಲ ಕರದು ನಿಂದ್ರತೈತಿ. ಅವಸರ ಮಾಡಿ ಓ ಅನಬ್ಯಾಡ, ದ್ರಾಕ್ಷಾ" ಎಂದು ನನ್ನನ್ನು ತಡೆಯುತ್ತಿದ್ದರು. ತಾಯಿ ಎರಡನೆಯ ಕರೆಗೆ ಕಾಯುವವರು, ಮಗ ಮೊದಲನೆಯ ಕರೆಗೇ ಕೈ ಎತ್ತುವವರು. ಇಬ್ಬರ ನಡುವೆ ಹಾಲಿನವನು, ಗ್ಯಾಸಿನವನು ಎಲ್ಲ ಪಡಿಪಾಟಲು ಪಡುತ್ತಿದ್ದರು.

ಹುಲಿಗೇಶ ನನ್ನ ಗಂಡನ ಅಸಿಸ್ಟೆಂಟ್. ಕೊಪ್ಪಳದ ಕಡೆಯ ಹುಡುಗ, ಮದುವೆ ಗೊತ್ತಾಗಿತ್ತು. ನಮ್ಮ ಮನೆಗೆ ಬಂದರೆ ಗಿರಮಿಟ್ಟಿನ ತಾಟನ್ನು ಕೈಯಲ್ಲೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ತಿನ್ನುವವನು. ಅವನ ದನಿ ದೊಡ್ಡದು. "ಅಕ್ಕಾರ, ಇನ್ನೊಂದ ಸ್ವಲ್ಪ ಹಾಕ್ರಿ" ಎಂದರೆ ಮೂರು ಮನೆಗೆ ಕೇಳುತ್ತಿತ್ತು.

ಅವತ್ತು ಗದಗ ದಾಟಿದ ಮೇಲೆ, ಸುಡು ಬಿಸಿಲಿನಲ್ಲಿ, ಅದಿರಿನ ಗಾಡಿಯ ಬ್ರೇಕಿನ ಗಾಳಿ ಸೋರಿ ಗಾಡಿ ನಿಂತಿತು. ಯಾವ ಡಬ್ಬಿಯ ಪೈಪು ಬಿಟ್ಟಿದೆ ಎಂದು ಇಳಿದು ನೋಡುವುದು ಅಸಿಸ್ಟೆಂಟಿನ ಕೆಲಸ. ಹುಲಿಗೇಶ ಬಲಗಡೆಯ ಮೆಟ್ಟಿಲಿಗೆ ಬಂದು, ಪಕ್ಕದ ಲೈನಿಗೆ ಬೆನ್ನು ಮಾಡಿ ನಿಂತು ಕೇಳಿದ: "ಪಕ್ಕದ ಲೈನ್ ಖಾಲಿ, ಸರ್?" ನನ್ನ ಗಂಡನ ಕಣ್ಣು ಗಾಳಿಯ ಮೀಟರಿನ ಮೇಲಿತ್ತು. ಕೈ ಮಾತ್ರ ಎದ್ದಿತು. "ಪಕ್ಕದ ಲೈನ್ ಖಾಲಿ" ಎಂದು ಬಾಯಿ ತಾನಾಗಿಯೇ ಹೇಳಿತು. ಹುಲಿಗೇಶ ಇಳಿದ. ಅದೇ ಗಳಿಗೆಗೆ ಆ ಲೈನಿನಲ್ಲಿ ಎಕ್ಸ್‌ಪ್ರೆಸ್ ಬಂತು.

ಅವನ ಸಾವಿನ ವಿಚಾರಣೆಯಲ್ಲಿ ಇವರ ಮೇಲೆ ಯಾವ ತಪ್ಪೂ ಬರಲಿಲ್ಲ. ಇಳಿಯುವವನೇ ನೋಡಿಕೊಂಡು ಇಳಿಯಬೇಕು ಎಂಬುದು ನಿಯಮ. ಆದರೆ ನನ್ನ ಗಂಡ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾ ನೋಡಲಾರದ ಹೇಳಿದೆ, ದ್ರಾಕ್ಷಾ" ಎಂದರು. ಇಷ್ಟೇ ಹೇಳಿ ನಡುಮನೆಗೆ ಹೋಗಿ ಕೂತರು.

ಸ್ವಲ್ಪ ದಿನಕ್ಕೆ ಹುಲಿಗೇಶ ಕರೆಯಲು ಶುರುಮಾಡಿದ.

ಅವನು ಬರಿಗೈಲಿ ಬರುತ್ತಿರಲಿಲ್ಲ. ಯಾವುದಾದರೂ ನಿಜವಾದ ಸಪ್ಪಳದ ಬೆನ್ನೇರಿ ಬರುತ್ತಿದ್ದ. ಕುಕ್ಕರ್ ಸೀಟಿ ಹೊಡೆದರೆ, ಇವರೊಬ್ಬರ ಕಿವಿಗೆ, ಅದರೊಳಗೆ ಹುಲಿಗೇಶನಿರುತ್ತಿದ್ದ. ಮಿಕ್ಸರ್, ಫ್ಯಾನು, ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಸದ್ದು, ಯಾವುದಾದರೂ ನಡೆಯುತ್ತಿತ್ತು. "ಪಕ್ಕದ ಲೈನ್ ಖಾಲಿ, ಸರ್?" ಒಂದೇ ಸಲ. ನನ್ನ ಗಂಡನ ಕೈ ಎದ್ದೇಬಿಡುತ್ತಿತ್ತು. "ಖಾಲಿ" ಎಂದೇಬಿಡುತ್ತಿದ್ದರು. ಅಂದ ಮೇಲೆ ಮುಖವೆಲ್ಲ ಬೆವರುತ್ತಿತ್ತು. ಪ್ರತಿ ಸಲವೂ ಅವನನ್ನು ತಾವೇ ಮತ್ತೆ ಇಳಿಸಿದ ಹಾಗೆ. ಆಮೇಲೆ ಅವರಿಗೆ ಕುಡಿಯದೆ ಆಗುತ್ತಿರಲಿಲ್ಲ. ಕುಡಿದರೆ ನಾಲಿಗೆ ದಪ್ಪವಾಗುತ್ತದೆ, ಓಗೊಡಲು ಬರುವುದಿಲ್ಲ, ಅದೇ ಅವರಿಗೆ ಬೇಕಾಗಿದ್ದದ್ದು. ಅಮಲು ಇಳಿದ ಮೇಲೆ ಅವನು ಇನ್ನೂ ಜೋರಾಗಿ ಕರೆಯುತ್ತಿದ್ದ. ಇವರು ಇನ್ನೂ ಹೆಚ್ಚು ಕುಡಿಯುತ್ತಿದ್ದರು. ಗಾಡಿ ಓಡಿಸುವ ಕೆಲಸ ಹೋಗಿ ಸ್ಟೋರಿನಲ್ಲಿ ಕೂಡಿಸಿದರು. ಅಲ್ಲಿಗೂ ಹೋಗದಾದರು. ಒಂದು ಮಧ್ಯಾಹ್ನ ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ, ರಕ್ತ ವಾಂತಿ ಮಾಡಿಕೊಂಡು ಬಿದ್ದವರನ್ನು ಹಳಿ ರಿಪೇರಿಯ ಗ್ಯಾಂಗಿನವರು ಹೊತ್ತು ತಂದರು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನಗೆ ನೇರವಾಗಿ ಹೇಳಿದರು.

ಆಸ್ಪತ್ರೆಯೊಂದರಲ್ಲಿ ಒಂದೇ ಮೊಗಸಾಲೆಯಲ್ಲಿ ಎದುರುಬದುರು ಎರಡು ಬಾಗಿಲುಗಳಿದ್ದವು. ಎಡಗಡೆ ಕುಡಿತ ಬಿಡಿಸುವವರು. ಅವರೆಂದರು: "ಇವರಿಗೆ ಏನೋ ಕೇಳಿಸ್ತದಲ್ರೀ? ಮೊದಲು ಎದುರಿನ ಬಾಗಿಲಿಗೆ ಹೋಗಿ ತಲೆ ಸರಿ ಮಾಡಿಸ್ಕೊಂಡು ಬರ್ರಿ." ಬಲಗಡೆ ಮನೋರೋಗದವರು. ಅವರೆಂದರು: "ಕುಡೀತಾ ಇದ್ರ ನಮ್ಮ ಗುಳಿಗಿ ನಾಟೂದಿಲ್ರೀ. ಮೊದಲು ಎದುರಿನ ಬಾಗಿಲಿಗೆ ಹೋಗಿ ಬಿಡಿಸ್ಕೊಂಡು ಬರ್ರಿ." ಎರಡೂ ಕಡೆ ಒಳ್ಳೆಯ ಮನುಷ್ಯರೇ, ನಗುಮುಖದವರೇ. ನಡುವಿನ ಬೆಂಚಿನ ಮೇಲೆ ನನ್ನ ಗಂಡ ಕೂತಿದ್ದರು. ಒಬ್ಬನೇ ಮನುಷ್ಯನಿಗೆ ಎರಡು ಬಾಗಿಲು ಮಾಡಿ, ಅವನನ್ನು ಮೊಗಸಾಲೆಯಲ್ಲೇ ಸಾಯಲು ಬಿಡುವ ಈ ಬುದ್ಧಿ ಯಾರದೋ ಏನೋ.

ಆಗ ಡಾಕ್ಟರ್ ತಬಸ್ಸುಮ್ ನದಾಫ್ ಸಿಕ್ಕರು. ಉಣಕಲ್ಲಿನ ಆಚೆಗೆ ಒಂದು ಸಣ್ಣ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ನನ್ನ ಗಂಡನ ಮಾತನ್ನು ಪೂರ್ತಿ ಕೇಳಿ, ಅವರು ನನ್ನ ಕಡೆ ತಿರುಗಿ, "ಟೀಚರ್, ಇವು ಎರಡು ರೋಗ ಅಲ್ರೀ. ಒಂದ ಹಗ್ಗದ ಎರಡು ತುದಿ. ನಾವು ಗಂಟು ಇದ್ದಲ್ಲಿ ಕೈ ಹಾಕೋಣ" ಎಂದರು. ಅಲ್ಲೇ ಅತ್ತುಬಿಟ್ಟೆ.

ಅವರ ಸಾಧನ ಇಷ್ಟೇ. ಕಿವಿಯ ಹಿಂದೆ ಚರ್ಮದಡಿ ಒಂದು ಗುಂಡಿಯಷ್ಟು ಬಿಲ್ಲೆ. ಅದರಿಂದ ಮೆದುಳಿನೊಳಕ್ಕೆ ಕೂದಲಿಗಿಂತ ತೆಳುವಾದ ಎರಡು ತಂತಿ. ಒಂದು ತಂತಿ ಧ್ವನಿ ಹುಟ್ಟುವ ಜಾಗದ ಹತ್ತಿರ, ಇನ್ನೊಂದು ಕುಡಿತದ ಆಸೆ ಏಳುವ ಜಾಗದ ಹತ್ತಿರ. ಬಿಲ್ಲೆ ಮೊದಲು ಬರೀ ಕೇಳಿಸಿಕೊಳ್ಳುತ್ತದೆ. ಎಲ್ಲಿಂದ ಹೊರಟ ಅಲೆ ಎಲ್ಲಿಗೆ ಮುಟ್ಟಿ ಆಸೆಯಾಗುತ್ತದೆ ಎಂದು ಕಲಿಯುತ್ತದೆ. ಕಲಿತ ಮೇಲೆ ಆ ದಾರಿಯಲ್ಲಿ ಅಲೆ ಎದ್ದ ಕೂಡಲೇ ಎದುರು ಅಲೆ ಕಳಿಸಿ ಅದನ್ನು ಮಲಗಿಸುತ್ತದೆ. ಆಸೆ ಎಷ್ಟಿದೆ ಎಂದು ತೋರಿಸಲು ಕೈಗೆ ಒಂದು ಗಡಿಯಾರ, ಅದರಲ್ಲಿ ಹಸಿರು, ಹಳದಿ, ಕೆಂಪು ದೀಪ. ಅದನ್ನು ನೋಡಿ ನನ್ನ ಗಂಡ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕರು. "ಇಲ್ಲೂ ಸಿಗ್ನಲ್ಲೇ ಬಂತಲ್ರೀ, ಡಾಕ್ಟರೇ."

ಕಲಿಸುವ ದಿನಗಳಲ್ಲಿ ಅವರು ಗಾಜಿನ ಕೋಣೆಯೊಳಗಿರುತ್ತಿದ್ದರು. ಹೊರಗೆ ಪರದೆಗಳ ಮುಂದೆ ಡಾಕ್ಟರು, ಇಬ್ಬರು ಇಂಜಿನಿಯರುಗಳು, ಮನೆಯವಳೆಂದು ನಾನು. ಅವರ ಕೈಗೆ ಒಂದು ಗುಂಡಿ ಕೊಟ್ಟಿದ್ದರು. ಹುಲಿಗೇಶ ಕರೆದ ಕೂಡಲೇ ಒತ್ತಬೇಕು. ಅವನು ಕರೆಯಲೆಂದು ಇಂಜಿನಿಯರು ಕುಕ್ಕರಿನ ಸೀಟಿ, ಫ್ಯಾನಿನ ಸದ್ದು ಹಾಕುತ್ತಿದ್ದರು. ಕರೆಯುತ್ತಿದ್ದ. ನನ್ನ ಗಂಡ ಕೈ ಎತ್ತಿ "ಖಾಲಿ" ಎನ್ನುತ್ತಿದ್ದರು, ಆಮೇಲೆ ಕೈ ಇಳಿಸಿ ಗುಂಡಿ ಒತ್ತುತ್ತಿದ್ದರು. ಗಾಜಿನಾಚೆ ಕೂತು ಆ ಕೈ ಏಳುವುದನ್ನು ಎಲ್ಲರೂ ನೋಡುತ್ತಲೇ ಇದ್ದೆವು. ಯಾರಿಗೂ ಏನೂ ಅನ್ನಿಸಲಿಲ್ಲ. ಪರದೆಯ ಮೇಲೆ ಗೆರೆಗಳು ಚೆನ್ನಾಗಿ ಮೂಡುತ್ತಿದ್ದವು.

ಬಿಲ್ಲೆ ಕೆಲಸ ಶುರುಮಾಡಿದ ಮೇಲೆ ಅವರು ಮನೆಗೆ ಬಂದರು. ದೀಪ ಹಸಿರು. ಮರುದಿನವೂ ಹಸಿರು. ತಾವಾಗಿಯೇ ಎದ್ದು ಸ್ನಾನ ಮಾಡಿದರು, ತಲೆಗೆ ಎಣ್ಣೆ ಹಚ್ಚಿಕೊಂಡರು, ಪೇಪರು ಓದಿದರು. ಬಾಟಲಿಗಳು ಸಿಗುತ್ತಿದ್ದ ಜಾಗಗಳನ್ನೆಲ್ಲ, ಅಕ್ಕಿ ಡಬ್ಬಿ, ನೀರಿನ ಟಾಕಿ, ಶೂಗಳ ಒಳಗೆ, ನಾನು ಹುಡುಕಿದೆ. ಏನೂ ಇರಲಿಲ್ಲ. ಅತ್ತೆ ಸಿದ್ಧಾರೂಢರ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಪರದೆಯ ಗೆರೆ ಚಪ್ಪಟೆಯಾಗಿದೆ, ಧ್ವನಿಯೂ ಹೋದ ಹಾಗೆಯೇ ಎಂದು ಕೇಂದ್ರದಿಂದ ಫೋನು ಬಂತು.

ಮಾತು ಕಡಿಮೆಯಾಗಿದೆ ಎಂದು ನನಗೆ ಅನ್ನಿಸಿತ್ತು. "ರೀ, ಚಾ ಕುಡೀತೀರೇನು?" ಎಂದರೆ ಉತ್ತರವಿರಲಿಲ್ಲ. ಕಪ್ಪನ್ನು ಮುಂದಿಟ್ಟರೆ ಕುಡಿಯುತ್ತಿದ್ದರು. ತಾವಾಗಿ "ಇವತ್ತ ಬಿಸಲ ಭಾಳ ಐತಿ" ಎನ್ನುತ್ತಿದ್ದರು, "ಹೌದ್ರೀ, ಪಂಖಾ ಹಚ್ಚಲೇನು?" ಎಂದರೆ ಮತ್ತೆ ಸುಮ್ಮನೆ. ಇಷ್ಟು ದೊಡ್ಡ ಕಂಟಕ ದಾಟಿ ಬಂದವರು, ಸುಸ್ತಿರಬಹುದು ಎಂದುಕೊಂಡೆ. ಕುಡಿಯದ ಗಂಡ ಸಿಕ್ಕಿರುವಾಗ ಮಾತಿನ ಚೌಕಾಶಿ ಯಾರು ಮಾಡುತ್ತಾರೆ?

ಒಂದು ದಿನ ಚಿನ್ಮಯಿ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ತೆಗೆಯಲು ಹೋದವಳು ಮೆಟ್ಟಿಲಲ್ಲಿ ಜಾರಿದಳು. ಕಬ್ಬಿಣದ ಕಂಬಿ ಹಿಡಿದು ಜೋತುಬಿದ್ದು "ಅಪ್ಪಾ! ಅಪ್ಪಾ!" ಎಂದು ಚೀರಿದಳು. ಅವರು ಅದೇ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಕೈ ಬಿಟ್ಟು ಅವರ ಕಾಲ ಬಳಿಯೇ ಬಿದ್ದಳು. ಮುಂಗೈ ಮುರಿಯಿತು. ನನ್ನ ಗಂಡ ಕುರ್ಚಿಯಿಂದ ಎದ್ದಿರಲಿಲ್ಲ. ಮುಖ ಮೇಲೆತ್ತಿರಲಿಲ್ಲ. ಗಡಿಯಾರದ ದೀಪ ಹಸಿರಾಗಿತ್ತು.

ಮಗಳ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಯಾವ ಮಾತಿಗೂ ಉತ್ತರ ಬರಲಿಲ್ಲ. ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು. ನಾನು ಬೈದು ಬೈದು ಸೋತು ಸುಮ್ಮನಾದ ಮೇಲೆ, ಯಾರೂ ಏನೂ ಕೇಳದೆ ಇದ್ದಾಗ, ಅವರಾಗಿಯೇ ಹೇಳಿದರು:

"ಕೇಳಿಸ್ತು, ದ್ರಾಕ್ಷಾ. ಕೂಸು ಕರದದ್ದು ಕೇಳಿಸ್ತು. ಏಳಬೇಕಂತ ಮನಸ್ಸು ಹೊಡಕೊಂಡ್ತು. ಓ ಅನ್ನೂ ಜಾಗಾದಾಗ ಏನೂ ಇಲ್ಲ ನನಗ."

ಅವರೇ ಮತ್ತೆ ಹೇಳಿದರು:

"ಅಂವನೂ ಹೋಗಿಲ್ಲ. ದಿನಾ ಕರೀತಾನ. ನಾ ಓಗೊಡೂದಿಲ್ಲ. ಇಂಜಿನ್ನಿನ ಮೆಟ್ಟಲದ ಮ್ಯಾಲ ಹಂಗ ಕಾಯಾಕತ್ತಾನ."

ಮರುದಿನ ಗಾಜಿನ ಕೋಣೆಯ ಹೊರಗೆ ಡಾಕ್ಟರು ಹಳೆಯ ದೃಶ್ಯಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಕೈ ಏಳುವುದು, "ಖಾಲಿ" ಎನ್ನುವುದು, ಕೈ ಇಳಿದು ಗುಂಡಿ ಒತ್ತುವುದು. ಬೇರೆ ಯಾವ ರೋಗಿಯಾದರೂ ಧ್ವನಿ ಕೇಳಿದ ಕೂಡಲೇ ಗುಂಡಿ ಒತ್ತುತ್ತಿದ್ದ. ಲೋಕೋ ಪೈಲಟ್ ಮಾತ್ರ ಮೊದಲು ಓಗೊಡುತ್ತಾನೆ. ಬಿಲ್ಲೆಯ ಲೆಕ್ಕದಲ್ಲಿ ಗುಂಡಿ ಒತ್ತುವುದಕ್ಕೆ ತುಸು ಮುಂಚೆ ಎದ್ದ ಅಲೆಯೇ ರೋಗ. ಅದು ಹುಲಿಗೇಶನ ಕರೆಯನ್ನು ಬಿಟ್ಟು ನನ್ನ ಗಂಡನ ಓಗೊಡುವಿಕೆಯನ್ನು ರೋಗವೆಂದು ಕಲಿತಿತ್ತು. ಯಾರು ಕರೆದರೂ ಉತ್ತರ ಹೊರಡುವ ದಾರಿಯನ್ನೇ ಮಲಗಿಸುತ್ತಿತ್ತು.

"ಮತ್ತೆ ಕಲಿಸ್ರಿ" ಎಂದೆ.

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಕಷ್ಟ ಅಂದ್ರ ಇಲ್ಲೇ ನೋಡ್ರಿ, ಟೀಚರ್. ಅದು ತಪ್ಪು ಕಲಿತಿಲ್ಲ. ಕರೆ ಬಂದಾಗ ಆಸೆ ಏಳೂದಿಲ್ಲ. ಇವರು 'ಖಾಲಿ' ಅಂದ ಮ್ಯಾಲೇ ಏಳ್ತದ. ಗಂಟು ಅಲ್ಲೇ ಅದ. ಅಲ್ಲಿಂದ ಕೈ ತೆಗೆದ್ರ ಮತ್ತೆ ಕುಡಿತ."

"ಹುಲಿಗೇಶಗ ಓಗೊಡೂದು ಬಂದ್ ಮಾಡಿ, ನಮಗ ಓಗೊಡೂದು ಬಿಡ್ರಿ. ಗಡಿಯಾರದಾಗ ಮೈಕ್ ಇಟ್ಟು ಹೊರಗ ಸಪ್ಪಳ ಐತೋ ಇಲ್ಲೋ ನೋಡಿದ್ರಾತಲ್ಲ?"

"ಅಂವ ಬರೂದು ನಿಜವಾದ ಸಪ್ಪಳದೊಳಗ. ಮೈಕಿಗೆ ಸೀಟಿ ಕೇಳ್ತದ, ಇವರಿಗೆ ಹುಲಿಗೇಶ ಕೇಳ್ತಾನ. ಬಿಲ್ಲೆಗೆ ಎರಡೂ ಒಂದ."

ಇವರನ್ನು ಗಾಜಿನ ಕೋಣೆಯೊಳಗೆ ಕೂಡಿಸಿ, ಬಿಲ್ಲೆಯನ್ನು ಒಂದು ಸಲ ಆರಿಸಿ ನೋಡಿದರು. ನನ್ನ ಗಂಡ "ದ್ರಾಕ್ಷಾ" ಎಂದು ಕರೆದ ಕೂಡಲೇ ನಾನು ಗಾಜಿನ ಹತ್ತಿರ ಓಡಿದೆ. "ರೀ" ಎಂದೆ, "ಹೂಂ, ಬಂದಿ ಏನು?" ಎಂದರು. ಎಷ್ಟು ದಿನದ ಮೇಲೆ ಕೇಳಿದ ಉತ್ತರ! ನಾನು ಇನ್ನೊಂದು ಮಾತು ಆಡುವುದರೊಳಗೆ ಎಲ್ಲೋ ಹೊರಗೆ ಒಂದು ಲಾರಿ ಹಾರ್ನ್ ಹೊಡೆಯಿತು. ಅವರ ಕೈ ಎದ್ದಿತು. "ಖಾಲಿ." ದೀಪ ಕೆಂಪಾಯಿತು. ಆಮೇಲೆ ಅವರು ಗಾಜಿಗೆ ಹಣೆ ಚಚ್ಚಿಕೊಳ್ಳುತ್ತ, ಒಂದೇ ಒಂದು ಗುಟುಕು ಕೊಡಿಸು ಎಂದು ನನ್ನನ್ನು ಬೇಡಿದರು, ನಾನು ಹುಟ್ಟಿದ ಮೇಲೆ ಕೇಳದಂಥ ಮಾತುಗಳಲ್ಲಿ ಬೈದರು. ಮತ್ತೆ ಹಾಕಿಬಿಡಿ ಎಂದು ಡಾಕ್ಟರಿಗೆ ಕೂಗಿ ಹೇಳಿದವಳು ನಾನೇ.

ಓಗೊಡದ ಗಂಡ ಬೇಕೋ, ಸಾಯುವ ಗಂಡ ಬೇಕೋ? ಮನೆಗೆ ಬಂದು ಅದನ್ನೇ ತಲೆಯಲ್ಲಿ ತಿರುಗಿಸುತ್ತ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಸಂಜೆಯಾಗುತ್ತಿತ್ತು. ಹೊರಗಿನಿಂದ ಯಾರೋ "ದ್ರಾಕ್ಷಾಯಣೀ" ಎಂದರು. ನಾನು "ಓ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿನಿಂದಲೇ ಗದರಿಸಿದರು, "ತಡಿ. ಎರಡ್ನೇ ಸಲ ಕರೀಲಿ."

ತಡೆದೆ. ಎರಡನೆಯ ಸಲವೂ ಕರೆದರು. ಓಣಿಯ ಕೊನೆಯ ಮನೆಯ ಗೆಳತಿ, ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ನಾನು ಅವಳಿಗೆ ಹೆಪ್ಪು ಕೊಡುವುದನ್ನೂ ಮರೆತು ಡಾಕ್ಟರಿಗೆ ಫೋನು ಹಚ್ಚಿದೆ.

"ಡಾಕ್ಟರೇ, ಹುಲಿಗೇಶ ಎಂದೂ ಎರಡು ಸಲ ಕರೆಯೂದಿಲ್ರೀ. ಇಂಜಿನ್ನಿನ್ಯಾಗ ಒಂದ ಸಲ ಕೂಗೂದು. ಸಿಗ್ನಲ್ ಹಿಂದ ಹೋದ ಮ್ಯಾಲ ಮತ್ತ ಕೂಗಿ ಏನು ಮಾಡೂದೈತಿ? ನಾವು ಮನಿಯವರು ಎರಡು ಸಲ ಕರೀತೀವಿ. ಮೊದಲ್ನೇ ಕರೆಗೆ ಬಾಗಿಲು ಹಾಕ್ರಿ, ಎರಡನೇದಕ್ಕ ತಗೀರಿ."

ಡಾಕ್ಟರು ಮೆಲ್ಲಗೆ, "ಆಗ್ತದ" ಎಂದರು. "ಆದ್ರ ಒಂದು ಮಾತು, ಟೀಚರ್. ಮೆದುಳು ಸುಮ್ಮನ ಕೂಡೂದಿಲ್ಲ. ಎರಡು ಸಲ ಕರದ್ರ ಬಾಗಿಲು ತೆಗೀತದ ಅಂತ ಒಂದಲ್ಲ ಒಂದು ದಿನ ಅದಕ್ಕೂ ಗೊತ್ತಾಗಬಹುದು."

"ಗೊತ್ತಾದಾಗ ನೋಡೋಣ್ರೀ" ಎಂದೆ. ಮುಳುಗುವವಳಿಗೆ ನಾಳಿನ ಮಳೆಯ ಚಿಂತೆ ಇರಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಎರಡು ಸಲ ಕರೆಯುವುದು ಶುರುವಾಯಿತು. "ರೀ." ಒಂದು ಉಸಿರು ಬಿಟ್ಟು, "ರೀ." ಆಗ ಅವರ ಮುಖ ತಿರುಗುತ್ತಿತ್ತು, "ಏನ?" ಎನ್ನುತ್ತಿದ್ದರು. ಚಿನ್ಮಯಿಗೆ ಇದು ಆಟವಾಗಿ ಹೋಯಿತು. ಪಟ್ಟಿ ಕಟ್ಟಿದ ಕೈಯನ್ನು ಎತ್ತಿ "ಅಪ್ಪಾ" ಎಂದು, ಕಾದು, ಮತ್ತೆ "ಅಪ್ಪಾ" ಎಂದು ಅವರು ತಿರುಗಿದ ಕೂಡಲೇ ನಗುತ್ತಿದ್ದಳು. ಅವರು ಅವಳ ಪಟ್ಟಿಯ ಮೇಲೆ ಪೆನ್ನಿನಲ್ಲಿ ಇಂಜಿನ್ ಬರೆದುಕೊಟ್ಟರು. ಸ್ಟೋರಿನ ಕೆಲಸಕ್ಕೆ ಹೋಗತೊಡಗಿದರು. ಅಲ್ಲಿಯವರೂ ಎರಡು ಸಲ ಕರೆಯುವುದನ್ನು ರೂಢಿ ಮಾಡಿಕೊಂಡರು. ಮಳೆಗಾಲ ಹೋಯಿತು, ದೀಪಾವಳಿ ಬಂತು, ದೀಪ ಹಸಿರಾಗಿಯೇ ಇತ್ತು.

ಆದರೆ ಆ ಎರಡು ಕರೆಗಳ ನಡುವಿನ ಉಸಿರಿನಲ್ಲಿ ಅವರ ಮುಖ ಬೇರೆಯಾಗುತ್ತಿತ್ತು. ಕರೆದದ್ದು ಕೇಳಿದೆ, ಓಗೊಡುವ ಹಾಗಿಲ್ಲ, ಯಾರೆಂದು ಗೊತ್ತಿಲ್ಲ. ಅಷ್ಟು ಹೊತ್ತು ಅವರು ಕಣ್ಣು ತೆರೆದು ನೋಡುತ್ತಿದ್ದರು. ಮೊದಲು ಹಾಲು ಉಕ್ಕಿದರೂ ನೋಡದಿದ್ದ ಮನುಷ್ಯ ಈಗ ಪ್ರತಿಯೊಂದು ಕರೆಗೂ ಎಡಕ್ಕೆ, ಬಲಕ್ಕೆ, ಬಾಗಿಲಿಗೆ, ನನ್ನ ಮುಖಕ್ಕೆ ನೋಡುವುದನ್ನು ಕಲಿತಿದ್ದರು. ಇದು ಬಿಲ್ಲೆ ಕಲಿಸಿದ್ದಲ್ಲ. ಕಾಯಬೇಕಾದದ್ದರಿಂದ ಬಂದದ್ದು.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಅವರ ಬೆರಳು ನಿಂತಿತು. ಅದೇನೂ ಹೊಸದಲ್ಲ, ಅವನು ಕರೆದಾಗ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಸಾಗುತ್ತಿತ್ತು. ಇವತ್ತು ಸಾಗಲಿಲ್ಲ. ಕುಕ್ಕರ್ ಎರಡನೆಯ ಸೀಟಿ ಹೊಡೆಯಿತು.

"ದ್ರಾಕ್ಷಾ" ಎಂದರು. "ಎರಡ್ನೇ ಸಲ ಕರದಾ."

ದೀಪ ಹಳದಿಯಾಗಿತ್ತು. ನಾನು ಕಾಯಿಯ ಮೊರವನ್ನು ತಳ್ಳಿ ಎದ್ದೆ. ಬಿಲ್ಲೆಯ ಬಾಗಿಲು ತೆರೆದಿದೆ. ಈಗ ಅವರು "ಖಾಲಿ" ಎಂದರೆ ಮುಗಿಯಿತು. "ಓಗೊಡಬ್ಯಾಡ್ರಿ" ಎಂದು ಅವರ ಕೈ ಹಿಡಿದುಕೊಂಡೆ. ಆ ಕೈ ಆಗಲೇ ಏಳುತ್ತಿತ್ತು, ನನ್ನನ್ನೂ ಎಳೆದುಕೊಂಡು ಏಳುತ್ತಿತ್ತು. "ನಿಮ್ಮ ಕಾಲು ಮುಗೀತೀನಿ, ಬ್ಯಾಡ್ರಿ."

ಅವರು ಕತ್ತು ಹೊರಳಿಸಿದರು. ನಿಧಾನವಾಗಿ, ಬಲಕ್ಕೆ. ಬಲಗಡೆ ನಮ್ಮ ಕಿಟಕಿ, ಕಿಟಕಿಯಾಚೆ ಬಿಸಿಲು. ಅವರು ಅಲ್ಲಿ ದೂರಕ್ಕೆ ನೋಡಿದರು, ಕಣ್ಣು ಕಿರಿದು ಮಾಡಿ, ಮುಂದೆ ನೋಡಿದರು, ಹಿಂದೆ ನೋಡಿದರು. ಅವತ್ತು ನೋಡದೆ ಬಿಟ್ಟದ್ದನ್ನೆಲ್ಲ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನನ್ನ ಹಿಡಿತ ತಾನಾಗಿಯೇ ಸಡಿಲಿತು.

"ಇಳೀಬ್ಯಾಡ, ಹುಲಿಗೇಶ" ಎಂದರು. ಜೋರಾಗಿ, ಇಂಜಿನ್ನಿನ ಸದ್ದಿನ ಮೇಲೆ ಕೂಗುವ ಹಾಗೆ. "ಪಕ್ಕದ ಲೈನಿಗೆ ಗಾಡಿ ಬರಾಕತ್ತೈತಿ. ಅಲ್ಲೇ ನಿಂದ್ರು. ಒಳಗ ಬಾ."

ದೀಪ ಕೆಂಪಾಯಿತು. ಅವರು ನಡುಗತೊಡಗಿದರು. ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಅವರನ್ನು ಅವಚಿಕೊಂಡು ನೆಲದ ಮೇಲೆ, ಚೆಲ್ಲಿದ ಅವರೆಕಾಳಿನ ನಡುವೆ ಕೂತೆ. ಎಷ್ಟೋ ಹೊತ್ತು ಕೆಂಪು ಇಳಿಯಲಿಲ್ಲ. ಅತ್ತೆ ಬಂದು ಏನೂ ಕೇಳದೆ ಕುಕ್ಕರ್ ಇಳಿಸಿದರು. ಆಮೇಲೆ ನಡುಕ ಕಡಿಮೆಯಾಯಿತು. ಹಳದಿ ಬಂತು. ಬಿಸಿಲು ಕಿಟಕಿಯಿಂದ ಸರಿಯುವ ಹೊತ್ತಿಗೆ ಹಸಿರು ಬಂತು.

"ಏನಂದಾ?" ಎಂದು ಕೇಳಿದೆ.

"ಏನೂ ಅನಲಿಲ್ಲ. ಒಳಗ ಬಂದು ಕುಂತ."

"ಹೋಗಲಿಲ್ಲೇನ್ರೀ?"

ಅವರು ನನ್ನನ್ನು ತಿಳಿಯದವಳನ್ನು ನೋಡುವ ಹಾಗೆ ನೋಡಿದರು. "ಎಲ್ಲಿಗೆ ಹೋಗ್ತಾನ? ಇಳೀಬ್ಯಾಡ ಅಂದೀನಲ್ಲ."

ಅಂದಿನಿಂದ ಅವನು ಕರೆದಿಲ್ಲ. ಕುಡಿತದ ಆಸೆಯೂ ಮತ್ತೆ ಏಳಲಿಲ್ಲ. ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷ, ಗಂಟು ತಾನಾಗಿಯೇ ಬಿಚ್ಚಿಕೊಂಡಿತು, ನಾವು ಬರೀ ಸಮಯ ಕೊಟ್ಟೆವು ಎಂದರು. ಒಂದು ವರ್ಷ ನೋಡಿ ಬಿಲ್ಲೆಯನ್ನು ಆರಿಸಿದರು. ಈಗ ಅದು ಕಿವಿಯ ಹಿಂದೆ ಸುಮ್ಮನೆ ಇದೆ. ಒಂದೇ ಕರೆಗೆ ಓಗೊಡಲು ಇನ್ನು ಅಡ್ಡಿಯಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ.

ಆದರೂ ರೂಢಿಯಿಂದ ಎರಡು ಸಲವೇ ಕರೆಯುತ್ತಿದ್ದೆವು. ಮೊನ್ನೆ ಕೈತುಂಬ ಕೆಲಸವಿತ್ತು. ರೊಟ್ಟಿ ಬಡಿಯುತ್ತ, "ರೀ, ಊಟಕ್ಕ ಬರ್ರಿ" ಎಂದು ಒಂದೇ ಸಲ ಕರೆದೆ. ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯಿತು. ಗಾಬರಿಯಾಗಿ ನಡುಮನೆಗೆ ಓಡಿದೆ. ಅವರು ಹಾಯಾಗಿ ಕೂತಿದ್ದರು, ತಮ್ಮ ಬಲಗಡೆಗೆ ನೋಡುತ್ತ.

"ಕೇಳಲಿಲ್ಲೇನ್ರೀ ಕರದದ್ದು?"

"ಕೇಳ್ತು" ಎಂದರು. "ಹುಲಿಗೇಶನ್ನ ಕರದಿ ಅನಕೊಂಡೆ."

ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತೆ. ಆಮೇಲೆ, ಬೇರೆ ಏನೂ ತೋಚದೆ, ಇನ್ನೊಮ್ಮೆ ಕರೆದೆ. ಅವರು ಎದ್ದು ಕೈ ತೊಳೆದು ಬಂದು ಊಟಕ್ಕೆ ಕೂತರು. ಬಲಗಡೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದರು. ನಾನು ನನ್ನ ತಾಟನ್ನು ಎತ್ತಿಕೊಂಡು ಎಡಗಡೆ ಹೋಗಿ ಕೂತೆ.